ಎರಡನೆಯ ಪೀಕ್

ಯಂತ್ರದ ತೆರೆಯ ಮೇಲಿನ ಗ್ರಾಫಿನಲ್ಲಿ ಒಂದೇ ಪೀಕ್, ಒಂದೇ ಶಿಖರ, ಏಳಬೇಕಾದಲ್ಲಿ ಮತ್ತೆ ಎರಡು ಎದ್ದವು. ಹರಿಣಾಕ್ಷಿ ಕುರ್ಚಿ ಹಿಂದೆ ತಳ್ಳಿ, ಮಹಾಲಿಂಗ ಸರ್ ನೋಡಲೆಂದು ಜಾಗ ಬಿಟ್ಟಳು.

ಬ್ರಹ್ಮಾವರದ ಹೊರವಲಯದ ಆ ಪುಟ್ಟ ಪ್ರಯೋಗಾಲಯದಲ್ಲಿ ಅವಳು ಹೊಳೆದಂಡೆಯ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡದ ಒಂದು ಪ್ರೋಟೀನಿನ ಬೆನ್ನು ಹತ್ತಿದ್ದಳು. ಅದಕ್ಕಾಗಿ ಮೊಣಕಾಲುದ್ದದ ಕೆಸರಿನಲ್ಲಿ ಎಲೆ ಕೊಯ್ದವಳೂ ಅವಳೇ. ಪ್ರೋಟೀನನ್ನು ತೆಳು ಹಾಳೆಯಂಥ ಮೆಂಬ್ರೇನಿಗೆ ಇಳಿಸಿ ಕೊಟ್ಟರೆ, ಯಂತ್ರ ಅದರ ಅಮೈನೋ ಆಮ್ಲಗಳನ್ನು ತುದಿಯಿಂದ ಒಂದೊಂದಾಗಿ ಕಳಚಿ, ಸುತ್ತಿಗೊಂದು ಪೀಕ್ ತೋರಿಸಬೇಕು. ಇಲ್ಲಿ ಮೊದಲ ಸುತ್ತುಗಳಲ್ಲೆಲ್ಲ ಗ್ಲೈಸೀನ್ ಎಂಬ ಇನ್ನೊಂದು ಅಮೈನೋ ಆಮ್ಲ ಕರೆಯದೆ ಬಂದು ನಿಲ್ಲುತ್ತಿತ್ತು. ಗ್ಲೈಸೀನ್ ಎಲ್ಲೆಡೆ ಇರುವಂಥದ್ದು. ಮನುಷ್ಯನ ಚರ್ಮದಲ್ಲೂ, ಮೀನಿನ ಮೈಯಲ್ಲೂ.

ಪ್ರಯೋಗಾಲಯದ ಮುಖ್ಯಸ್ಥರಾದ ಸರ್ ಸಾಲಿಗ್ರಾಮದವರು, ದನಿ ಎತ್ತಿ ಮಾತಾಡಿದವರಲ್ಲ. ಕನ್ನಡಕ ಒರೆಸಿಕೊಳ್ಳುತ್ತ ಕೇಳಿದರು: "ಬೇಜಾರ್ ಮಾಡ್ಕಣ್ಬೇಡ ಮಾರಾಯ್ತಿ. ಬೆಳಿಗ್ಗೆ ಮನಿಯಂಗ್ ಮೀನ್ ಮುಟ್ಟಿ ಬತ್ತ್ಯಾ?"

ಗ್ಲೌಸ್ ಇಲ್ಲದೆ ಏನನ್ನೂ ಮುಟ್ಟುವುದಿಲ್ಲವೆಂದು ಅವಳು ಹೇಳಿದಳು. ಅವರು ತಲೆಯಾಡಿಸಿದರು. ಇನ್ನೂ ಹೀಗೇ ಆದರೆ ಸ್ಯಾಂಪಲ್ ತಯಾರಿಯನ್ನು ಜೊತೆಯಲ್ಲಿ ಕೆಲಸ ಮಾಡುವ ನಿಖಿತಾಗೆ ವಹಿಸೋಣ ಎಂದರು, ಮೆತ್ತಗೆ.

ಕುಂದಾಪುರದ ಬಸ್ಸಿನಲ್ಲಿ ಆ ಪ್ರಶ್ನೆ ಅವಳ ಪಕ್ಕದಲ್ಲೇ ಕುಳಿತು ಬಂತು. ಕಡಲಂಚಿನ ಕೋಡಿಯ ಮನೆಗೆ ಅವಳ ತಾಯಿ, ಬಾಗಿ ಎಂದು ಹೆಸರು, ಪೇಟೆಯಲ್ಲಿ ಮೀನು ಮಾರಿ ಆಗಷ್ಟೇ ಮರಳಿದ್ದಳು. ಆ ದುಡಿಮೆಯಲ್ಲೇ ಮಗಳು ಎಂ.ಎಸ್ಸಿ. ಮುಗಿಸಿದ್ದು. ಹರಿಣಾಕ್ಷಿ ಮುಖ ನೋಡದೆ ಹೇಳಿದಳು: "ನಾಳಿಂದ ನನ್ ಬುತ್ತಿ ನಾನೇ ಕಟ್ಕಂತೆ ಅಬ್ಬಿ. ನನ್ ಬಟ್ಟಿ, ಚೀಲ ನೀ ಮುಟ್ಬೇಡ."

ಬಾಗಿ ಕಾರಣ ಕೇಳಿದಳು, ಅರ್ಥವಾದಷ್ಟು ಮಾಡಿಕೊಂಡಳು. ಮರುದಿನದಿಂದ ಮೀನಿನ ಬುಟ್ಟಿ ಹಿತ್ತಲಿನಾಚೆ ಹೋಯಿತು. ಮಗಳು ಎದುರು ಬಂದರೆ ಅವಳೇ ಸೆರಗು ಒಟ್ಟುಮಾಡಿಕೊಂಡು ಗೋಡೆಗೆ ಸರಿಯತೊಡಗಿದಳು. ಹರಿಣಾಕ್ಷಿ ಮೀನು ತಿನ್ನುವುದನ್ನೂ ಬಿಟ್ಟಳು. ಮೂರನೆಯ ವಾರದಲ್ಲಿ ಹೊಸ ಸ್ಯಾಂಪಲ್ ಓಡಿಸಿದಾಗ ಗ್ಲೈಸೀನ್ ಅದೇ ಜಾಗದಲ್ಲಿ, ಅದೇ ಎತ್ತರದಲ್ಲಿ ಎದ್ದಿತು.

ಅವಳಿಗೆ ಸಿಟ್ಟು ಬಂತು, ಮೊದಲು ತನ್ನ ಮೇಲೆಯೇ. ಸರ್ ಕೇಳಿದ್ದನ್ನು ಪರೀಕ್ಷೆ ಮಾಡದೆ ನಂಬಿಬಿಟ್ಟಿದ್ದಳಲ್ಲ.

ಮರುದಿನ ಬೆಳಿಗ್ಗೆ ಅವಳು ಹಿತ್ತಲಿಗೆ ಹೋಗಿ ಬೂತಾಯಿ ಮೀನು ತುಂಬಿದ ಬುಟ್ಟಿಗೆ ಕೈಯಿಕ್ಕಿದಳು. ಬಾಗಿ ಗಾಬರಿಯಿಂದ, "ಮುಟ್ಬೇಡ ಹೆಣೆ, ನಿನ್ ಕೆಲ್ಸ ಹಾಳಾತ್ತ್" ಎಂದಳು.

"ಹಾಳಾತ್ತಾ ಕಾಂಬ."

ಪ್ರಯೋಗಾಲಯದಲ್ಲಿ ಅದೇ ಕೈಗೆ ಗ್ಲೌಸ್ ಏರಿಸಿ, ಪ್ರೋಟೀನ್ ಇಲ್ಲದ ಹೊಸ ಮೆಂಬ್ರೇನಿನ ತುಂಡೊಂದನ್ನು ಯಂತ್ರಕ್ಕಿಟ್ಟಳು. ಗ್ಲೈಸೀನ್‌ನ ಜಾಗ ಖಾಲಿಯೇ ಉಳಿಯಿತು. ಅಂಥದೇ ಇನ್ನೊಂದು ತುಂಡನ್ನು ಪ್ರೋಟೀನ್ ಇಳಿಸುವ ದ್ರಾವಣದಲ್ಲಿ ಅದ್ದಿ, ಎಂದಿನಂತೆ ತೊಳೆದು ಇಟ್ಟಳು. ಪೀಕ್ ಎದ್ದಿತು. ಆ ದ್ರಾವಣಕ್ಕೆ ಗ್ಲೈಸೀನ್ ಬೇಕೇ ಬೇಕು, ಅದನ್ನು ತೂಗಿ ಹಾಕುತ್ತಿದ್ದವಳು ಅವಳೇ. ಕೊನೆಗೆ ಮತ್ತೊಂದನ್ನು ನೀರು ಬದಲಿಸಿ ಬದಲಿಸಿ, ತಾಳ್ಮೆಯಿಂದ ತೊಳೆದಳು. ತೆರೆ ಶುಭ್ರವಾಗಿತ್ತು.

"ತೊಳೆದದ್ದ್ ಸಾಲ್ಲಿಲ್ಲ ಸರ್," ಎಂದಳು. "ಬಸ್ಸಿಗೆ ಹೊತ್ತಾತ್ತ್ ಅಂದ್ ನಾನೇ ಬೇಗ ಮುಗಿಸ್ತಿದ್ದೆ. ತಪ್ಪ್ ನಂದೇ. ಮೀನಿಂದಲ್ಲ."

ಮಹಾಲಿಂಗರು ಗ್ರಾಫುಗಳನ್ನು ಒಂದರ ಪಕ್ಕ ಒಂದಿಟ್ಟು ಬಹಳ ಹೊತ್ತು ನೋಡಿದರು. "ಹ್ಯಾಂಗ್ ತೊಳಿತೆ ಅಂದ್ ಕೇಣ್ಕಿತ್ತ್ ನಾನ್, ಅವತ್ತ್. ಮೀನಿನ್ ಸುದ್ದಿ ಅಲ್ಲ," ಎಂದರು. ಮುಂದಿನ ಸ್ಯಾಂಪಲ್ಲನ್ನೂ ನೀನೇ ಮಾಡು ಎಂದರು.

ಸಂಜೆ ಬಾಗಿ ಹಿಂಬಾಗಿಲ ಮೆಟ್ಟಿಲಲ್ಲಿ ಇದ್ದಳು. ನಡೆದದ್ದನ್ನು ಹರಿಣಾಕ್ಷಿ ಎರಡು ಮಾತಿನಲ್ಲಿ ಹೇಳಿದಳು. ಬಾಗಿ ಹೂಂಗುಟ್ಟಿ ಒಳಗೆ ಹೋದವಳು ಚಾ ತಂದಳು. ತಂದು, ಲೋಟವನ್ನು ಕೈಗೆ ಕೊಡದೆ ಮೆಟ್ಟಿಲ ಮೇಲಿಟ್ಟು ಹಿಂದೆ ಸರಿದಳು.

ಹರಿಣಾಕ್ಷಿ ಅದನ್ನು ಎತ್ತಿಕೊಳ್ಳಲಿಲ್ಲ. ಕೈ ಚಾಚಿ ಕಾದಳು. ಕಡಲ ಕಡೆಯಿಂದ ಗಾಳಿ ಬೀಸಿ ಚಾದ ಹಬೆಯನ್ನು ಒಂದು ಪಕ್ಕಕ್ಕೆ ಬಾಗಿಸಿತು. ಬಾಗಿ ಮಗಳ ಕೈಯನ್ನೊಮ್ಮೆ ನೋಡಿ, ಬಗ್ಗಿ ಲೋಟ ಎತ್ತಿಕೊಂಡಳು. ಬಿಸಿ ಲೋಟ ಇಬ್ಬರ ಬೆರಳುಗಳ ನಡುವೆ ಸ್ವಲ್ಪ ಹೊತ್ತು ಹಾಗೆಯೇ ನಿಂತಿತ್ತು.