ಗಂಗಾಧರಪ್ಪನವರ ಬಾಯಿಂದ ಬರದ ಮೂರು ಇಂಗ್ಲಿಷ್ ಅಕ್ಷರ

ಹೊಸ ಕಾರೊಂದು ಎದುರಿಗೆ ಬಂದು ನಿಂತರೆ ಉಳಿದವರೆಲ್ಲ ಅದರ ಮುಖ ನೋಡುತ್ತಾರೆ. ಗಂಗಾಧರಪ್ಪನವರು ನೆಲಕ್ಕೊಂದು ಹಳೆಯ ದಿನಪತ್ರಿಕೆ ಹಾಸಿ, ಅರವತ್ತೆರಡು ವರ್ಷದ ದೇಹವನ್ನು ಅಂಗಾತ ಮಲಗಿಸಿ, ಅದರ ಹೊಟ್ಟೆಯ ಕೆಳಗೆ ತಲೆ ತೂರಿಸುತ್ತಾರೆ. ಐದು ನಿಮಿಷ, ಕೆಲವೊಮ್ಮೆ ಹತ್ತು ನಿಮಿಷ ಹೊರಗೆ ಕಾಣುವುದು ಅವರ ಎರಡು ಪಾದಗಳು ಮಾತ್ರ. ಆಮೇಲೆ ನಿಧಾನವಾಗಿ ಎದ್ದು, ಬೆನ್ನಿನ ಧೂಳನ್ನು ಕೊಡವಿಕೊಂಡು, ಅತ್ಯಂತ ಗಂಭೀರವಾದ ಧ್ವನಿಯಲ್ಲಿ ತಮ್ಮ ತೀರ್ಪನ್ನು ಕೊಡುತ್ತಾರೆ. ‘ಮೊದಲು ಹೊಟ್ಟೆ ನೋಡ್ರಿ, ಆಮೇಲೆ ಹೆಸರು ಕೇಳ್ರಿ’ ಎಂಬುದು ಅವರು ದಿನಕ್ಕೆ ನಾಲ್ಕು ಸಲವಾದರೂ ಆಡುವ ಮಾತು.

ದಾವಣಗೆರೆಯ ಕಡೆಯಿಂದ ಇಪ್ಪತ್ತೆರಡರ ವಯಸ್ಸಿನಲ್ಲಿ ಚೆನ್ನೈಗೆ ಬಂದ ಈ ಮನುಷ್ಯ ಅಂಬತ್ತೂರಿನ ಕಾರ್ಖಾನೆಯೊಂದರಲ್ಲಿ ಮೂವತ್ತಾರು ವರ್ಷ ಲಾರಿ ಮತ್ತು ಜೀಪುಗಳ ಉಕ್ಕಿನ ಚೌಕಟ್ಟುಗಳನ್ನು ಬೆಸೆದವರು. ನಿವೃತ್ತಿಯ ನಂತರವೂ ಆ ಕಾರ್ಖಾನೆಯ ಖಾಕಿ ಕೋಟನ್ನು ಅವರು ಬಿಡಲಿಲ್ಲ. ಎಂಟು ಜೇಬುಗಳ ಆ ಕೋಟಿನಲ್ಲಿ ಅಳತೆಯ ಟೇಪು, ಸೀಮೆಸುಣ್ಣ, ಟಾರ್ಚು, ವಿಭೂತಿಯ ಪೊಟ್ಟಣ, ಹೀಗೆ ಇಹಪರಗಳೆರಡಕ್ಕೂ ಬೇಕಾದ ಸಾಮಗ್ರಿ ಸದಾ ಸಿದ್ಧವಾಗಿರುತ್ತದೆ. ನಮ್ಮ ಬೀದಿಯ ಕೊನೆಯ ಮನೆ ಅವರದು, ನನ್ನದು ಅದರ ಎದುರಿನದು. ಬಲಗಾಲನ್ನು ಸ್ವಲ್ಪ ಎಳೆದು, ಎಡಕ್ಕೆ ವಾಲಿ, ಮತ್ತೆ ತಾವೇ ನೆಟ್ಟಗಾಗುತ್ತ ಅವರು ನಡೆದು ಬರುವುದನ್ನು ನಾನು ಎಷ್ಟೋ ಬೆಳಗುಗಳಲ್ಲಿ ನೋಡಿದ್ದೇನೆ.

ಆ ಕಾಲಿಗೂ ಅವರ ಹಟಕ್ಕೂ ಮೂಲ ಒಂದೇ. ಕೆಲವು ವರ್ಷಗಳ ಹಿಂದಿನ ಒಂದು ಡಿಸೆಂಬರಿನಲ್ಲಿ ಊರೆಲ್ಲ ನೀರಾಗಿದ್ದಾಗ, ಪಕ್ಕದ ಮನೆಯ ಹನುಮಂತಯ್ಯ ತನ್ನ ವೃದ್ಧ ತಾಯಿಯನ್ನು ಆಸ್ಪತ್ರೆಗೆ ಕರೆದೊಯ್ಯಲು ಹೊರಟು, ರೈಲ್ವೆ ಕೆಳಸೇತುವೆಯ ನೀರಿಗೆ ಕಾರನ್ನಿಳಿಸಿದ. ಕಾರಿನ ಹಿಂಬದಿಯಲ್ಲಿ ಎಸ್‌ಯುವಿ ಎಂದು ಬೆಳ್ಳಿಯ ಬಣ್ಣದಲ್ಲಿ ಬರೆದಿತ್ತು; ಕಲ್ಲು ನೀರು ಎನ್ನದೆ ಎಲ್ಲಿಗೂ ನುಗ್ಗಬಲ್ಲ ಗಾಡಿಯೆಂದು ಅದರ ಅರ್ಥ. ನಡುನೀರಿನಲ್ಲಿ ಇಂಜಿನ್ನು ಉಸಿರುಕಟ್ಟಿ ನಿಂತಿತು. ಸುದ್ದಿ ತಿಳಿದು ಓಡಿದ ಗಂಗಾಧರಪ್ಪನವರು ಎದೆಮಟ್ಟದ ನೀರಿನಲ್ಲಿ ನಡೆದುಹೋಗಿ ಆ ಮುದುಕಿಯನ್ನು ಬೆನ್ನ ಮೇಲೆ ಹೊತ್ತು ತಂದರು. ದಡ ಇನ್ನು ನಾಲ್ಕು ಹೆಜ್ಜೆ ಇರುವಾಗ ನೀರಿನಡಿ ಕಾಣದೆ ಬಾಯಿ ತೆರೆದಿದ್ದ ಚರಂಡಿಯೊಳಗೆ ಬಲಗಾಲು ಸಿಕ್ಕಿ ಮೊಣಕಾಲು ತಿರುಚಿಕೊಂಡಿತು. ಅಜ್ಜಿ ಬದುಕಿದರು. ‘ದೊಡ್ಡ ಗಾಡಿ ಅಂತ ನಂಬಿಬಿಟ್ಟೆ ಸಾರ್’ ಎಂದು ಹನುಮಂತಯ್ಯ ಅತ್ತದ್ದನ್ನು ಗಂಗಾಧರಪ್ಪನವರು ಮರೆಯಲಿಲ್ಲ. ಅಂದಿನಿಂದ, ಯೋಗ್ಯತೆಯಿಲ್ಲದ ಗಾಡಿಯನ್ನು ಆ ಮೂರು ಇಂಗ್ಲಿಷ್ ಅಕ್ಷರಗಳಿಂದ ಕರೆಯುವುದು ಅವರ ಪಾಲಿಗೆ ಸುಳ್ಳುಸಾಕ್ಷಿ ಹೇಳಿದಂತೆಯೇ ಆಯಿತು.

ನಿವೃತ್ತಿಯ ಮೇಲೆ ಅವರು ಸೇರಿದ್ದು ವಿದ್ಯುತ್ ಕಾರುಗಳ ಮಳಿಗೆಯೊಂದನ್ನು. ಕೊಳ್ಳಲು ಬಂದವರಿಗೆ ಗಾಡಿಯ ಗುಣಗಳನ್ನು ವಿವರಿಸುವುದು ಅವರ ಕೆಲಸ. ಬ್ಯಾಟರಿಯ ಕಾರುಗಳು ಅವರ ಹಳೆಯ ಶಾಸ್ತ್ರವನ್ನು ಬುಡಸಮೇತ ಅಲುಗಾಡಿಸಿದವು. ಏಣಿಯಂಥ ಉಕ್ಕಿನ ಚೌಕಟ್ಟಿನ ಮೇಲೆ ಕೂತದ್ದು ಎಸ್‌ಯುವಿ, ಮೈಯೇ ಚೌಕಟ್ಟಾಗಿರುವ ಎತ್ತರದ ಕಾರು ಕ್ರಾಸ್‌ಓವರ್ ಎಂದು ಅವರು ಮೂವತ್ತಾರು ವರ್ಷ ನಂಬಿದ್ದರು. ಈಗ ನೋಡಿದರೆ ನೆಲದಗಲದ ಬ್ಯಾಟರಿ ಪೆಟ್ಟಿಗೆಯೇ ಗಾಡಿಗೆ ಬೆನ್ನುಮೂಳೆಯಾಗಿದೆ. ಹಿಂದೊಂದು ಮುಂದೊಂದು ಮೋಟಾರಿಟ್ಟರೆ ಏಣಿಯ ಹಂಗಿಲ್ಲದೆ ನಾಲ್ಕೂ ಚಕ್ರಕ್ಕೆ ಬಲ ಬರುತ್ತದೆ. ಆರು ತಿಂಗಳು ಅವರು ಓದಿದರು, ಅಳೆದರು, ನನ್ನೊಡನೆ ವಾದಿಸಿದರು. ಕೊನೆಗೆ ಒಂದು ಸಂಜೆ ನಮ್ಮ ಜಗಲಿಯ ಮೇಲೆ ಕೂತು, ‘ನನ್ನ ಅರ್ಧ ವಿದ್ಯೆ ಹಳೇದಾತು ನೋಡ್ರಿ’ ಎಂದರು. ಆ ಮಾತಿನಲ್ಲಿ ದುಃಖಕ್ಕಿಂತ ಒಂದು ಬಗೆಯ ಸಂತೋಷವೇ ಹೆಚ್ಚಾಗಿತ್ತು. ಹೊಟ್ಟೆ ನೆಲದಿಂದ ಎಷ್ಟು ಮೇಲಿದೆ, ಮೂಗು ತಾಗದೆ ಎಂಥ ಏರನ್ನು ಹತ್ತೀತು, ನಾಲ್ಕು ಚಕ್ರಗಳೂ ದುಡಿಯುತ್ತವೆಯೆ, ಎಷ್ಟು ಆಳದ ನೀರನ್ನು ತಡೆದೀತು ಎಂಬ ಪ್ರಶ್ನೆಗಳಿಗೆ ಗಾಡಿ ಸರಿಯಾಗಿ ಉತ್ತರ ಕೊಟ್ಟರೆ, ಏಣಿಯಿಲ್ಲದಿದ್ದರೂ ಅದು ಎಸ್‌ಯುವಿಯೇ ಎಂದು ಅವರು ಒಪ್ಪಿಕೊಂಡರು. ಆದರೆ ಆ ಮಳಿಗೆಯಲ್ಲಿ ಅತಿ ಹೆಚ್ಚು ಮಾರಾಟವಾಗುತ್ತಿದ್ದ ಕಾರು ಮುಂದಿನೆರಡೇ ಚಕ್ರಗಳಿಂದ ಓಡುವಂಥದು. ಅದರ ಹಿಂದಿದ್ದ ಆಳೆತ್ತರದ ಫಲಕ ಮಾತ್ರ ಅದನ್ನು ಎಸ್‌ಯುವಿ ಎಂದೇ ಸಾರುತ್ತಿತ್ತು.

ಒಂದು ದಿನ ಆ ಕಾರನ್ನು ನೋಡಲು ಪೆರಂಬೂರಿನ ಕಣ್ಣಿನ ವೈದ್ಯೆ ಶ್ರೀಪ್ರಿಯಾ ಬಂದರು. ಮೂರು ತಲೆಮಾರಿನಿಂದ ಚೆನ್ನೈಯಲ್ಲಿ ನೆಲೆಸಿದ ಕನ್ನಡ ಮನೆತನದವರು, ಮಾತಿನ ನಡುವೆ ತಮಿಳು ನುಸುಳುತ್ತದೆ. ತಿಂಗಳಿಗೊಮ್ಮೆ ಜವ್ವಾದು ಬೆಟ್ಟದ ಹಳ್ಳಿಯೊಂದಕ್ಕೆ ಉಪಕರಣಗಳನ್ನು ಒಯ್ದು ಉಚಿತವಾಗಿ ಕಣ್ಣು ಪರೀಕ್ಷಿಸುವುದು ಅವರು ತಾವಾಗಿ ಹಚ್ಚಿಕೊಂಡ ಕೆಲಸ.

‘ಮಲೈ ರೋಡು ಸಾರ್, ಮೇಲೆ ಹೋಗ್ತಾ ಹೋಗ್ತಾ ರೋಡೇ ಇರಲ್ಲ. ಇದು ನಿಜವಾದ ಎಸ್‌ಯುವಿ ದಾನೇ?’

ಮಳಿಗೆಯ ಮ್ಯಾನೇಜರ್ ಸತ್ಯಾತ್ಮ ಪಕ್ಕದಲ್ಲಿಯೇ ನಿಂತು ನಗುತ್ತಿದ್ದ. ಗಂಗಾಧರಪ್ಪನವರು ಕೋಟಿನ ಗುಂಡಿಯನ್ನೊಮ್ಮೆ ಮುಟ್ಟಿಕೊಂಡರು.

‘ಇಲ್ಲಮ್ಮ. ಇದು ಎತ್ತರದ ಕಾರು. ಕ್ರಾಸ್‌ಓವರ್ ಅಂತಾರೆ. ಫಲಕದಾಗಿರೋದು ಸುಳ್ಳು.’

ವೈದ್ಯೆ ಕಾರು ಕೊಳ್ಳದೆ ಹೋದರು. ಸತ್ಯಾತ್ಮ ಕೆಟ್ಟವನಲ್ಲ, ಇವರನ್ನು ಒಳಗೆ ಕರೆದು ಕೂರಿಸಿ, ‘ಸಾರ್, ಒಂದೇ ಒಂದು ಪದ. ಊರೆಲ್ಲ ಹೇಳ್ತಿದೆ, ನೀವೂ ಹೇಳಿಬಿಡಿ. ಆಗಲ್ಲ ಅಂದ್ರೆ ನಾನೇನು ಮಾಡ್ಲಿ?’ ಎಂದು ಬೇಡುವಂತೆಯೇ ಕೇಳಿದನಂತೆ. ಇವರು ಆಗುವುದಿಲ್ಲ ಎಂದರು. ಮರುದಿನದಿಂದ ಕೆಲಸವಿರಲಿಲ್ಲ. ಅವರ ಪತ್ನಿ ಗಿರಿಜಾದೇವಿ ನಮ್ಮ ಮನೆಗೆ ಬಂದು, ನನಗೂ ಬೀದಿಗೂ ಸಮಾನವಾಗಿ ಕೇಳುವಂತೆ ಹೇಳಿದರು: ‘ಒಂದು ಮಾತಿಗೆ ಕೆಲಸ ಬಿಟ್ಟು ಬಂದಾರೆ. ಆ ಮಾತಾದರೂ ನಮ್ಮ ಭಾಷೇದಾ? ಅದೂ ಇಂಗ್ಲಿಷಿಂದು!’ ಗಂಗಾಧರಪ್ಪನವರು ತುಸು ದೂರದಲ್ಲಿ ತಲೆ ತಗ್ಗಿಸಿ ನಿಂತಿದ್ದರು. ಅವರ ಮುಖದಲ್ಲಿ ಗೆದ್ದವನ ಕಳೆ ಇರಲಿಲ್ಲ. ಮುಂದಿನ ಕೆಲವು ವಾರ ಅವರು ಬೆಳಿಗ್ಗೆ ಕೋಟು ತೊಟ್ಟು ಬಾಗಿಲವರೆಗೆ ಬಂದು, ಎಲ್ಲಿಗೂ ಹೋಗಬೇಕಾಗಿಲ್ಲವೆಂಬುದು ನೆನಪಾಗಿ ಒಳಗೆ ತಿರುಗುವುದನ್ನು ನೋಡಿದಾಗ, ಕರೆದು ಕಾಫಿ ಕೊಡುವುದನ್ನು ಬಿಟ್ಟು ನನಗೆ ಬೇರೇನೂ ತೋಚಲಿಲ್ಲ.

ತಿಂಗಳೊಳಗಾಗಿ ವೈದ್ಯೆ ವಿಳಾಸ ಹುಡುಕಿಕೊಂಡು ಬಂದರು. ‘ನಿಜ ಹೇಳಿದವರು ನೀವೊಬ್ಬರೇ. ಹಾಗಾದ್ರೆ ಯಾವುದು ತಗೋಬೇಕು, ಅದನ್ನೂ ನೀವೇ ಹೇಳಿ’ ಎಂದರು. ದಾರಿಯನ್ನು ನೋಡದೆ ಹೇಳಲಾರೆನೆಂದು ಇವರು ಪಟ್ಟು ಹಿಡಿದರು. ಮುಂದಿನ ಭಾನುವಾರ ವೈದ್ಯೆಯ ಹಳೆಯ ಡೀಸೆಲ್ ಜೀಪಿನಲ್ಲಿ ನಾವು ಮೂವರೂ ಬೆಟ್ಟಕ್ಕೆ ಹೊರಟೆವು.

ಆ ಜೀಪು ಗಂಗಾಧರಪ್ಪನವರ ಹಳೆಯ ಶಾಸ್ತ್ರದ ಪ್ರಕಾರ ಅಪ್ಪಟ ಎಸ್‌ಯುವಿ, ಏಣಿಯ ಚೌಕಟ್ಟಿನದು. ಬೆಟ್ಟ ಹತ್ತುವಷ್ಟರಲ್ಲಿ ಅದು ನನ್ನ ದೇಹದ ಪ್ರತಿಯೊಂದು ಎಲುಬನ್ನೂ ಪ್ರತ್ಯೇಕವಾಗಿ ಪರಿಚಯಿಸಿಕೊಟ್ಟಿತು. ಹಳ್ಳಿಯ ಶಾಲೆಯ ಮುಂದೆ ಎಪ್ಪತ್ತು ಜನ ಕಾದಿದ್ದರು. ವೈದ್ಯೆ ಪೆಟ್ಟಿಗೆ ತೆರೆದು, ಕಣ್ಣು ನೋಡುವ ಯಂತ್ರವನ್ನು ಜೋಡಿಸತೊಡಗಿದರು. ಕುಲುಕಾಟಕ್ಕೆ ಅದರ ಗಾಜುಗಳು ಹದ ತಪ್ಪಿದ್ದವು. ಸರಿಪಡಿಸಲು ಒಂದೂವರೆ ಗಂಟೆ ಹಿಡಿಯಿತು. ‘ಪ್ರತಿ ಸಲಾನೂ ಹೀಗೇ. ಸಾಯಂಕಾಲ ಇಪ್ಪತ್ತು ಜನರನ್ನ ನೋಡದೆ ವಾಪಸ್ ಕಳಿಸ್ತೀನಿ’ ಎಂದರು ಆಕೆ, ತಲೆಯೆತ್ತದೆ. ಸಾಲಿನ ಕೊನೆಯಲ್ಲಿ ಮೊಮ್ಮಗಳ ಭುಜ ಹಿಡಿದು ನಿಂತಿದ್ದ ಮುದುಕರೊಬ್ಬರು ಹಿಂದಿನ ಎರಡು ತಿಂಗಳೂ ಹಾಗೆ ಹಿಂದಿರುಗಿದವರಂತೆ.

ಗಂಗಾಧರಪ್ಪನವರು ಎದ್ದರು. ಮಳಿಗೆಯ ಆ ಎತ್ತರದ ಕಾರಿನ ಹೊಟ್ಟೆ ನೆಲದಿಂದ ಎಷ್ಟು ಮೇಲಿದೆಯೆಂಬುದು ಅವರಿಗೆ ಬಾಯಿಪಾಠ. ಭಾರ ತುಂಬಿದಾಗ ಕುಸಿಯುವುದೆಂದು ಅದರಲ್ಲಿ ಒಂದು ಅಂಗುಲ ಕಳೆದು, ಕೋಲೊಂದರ ಮೇಲೆ ಆ ಎತ್ತರಕ್ಕೆ ಸೀಮೆಸುಣ್ಣದ ಗೆರೆ ಎಳೆದರು. ಡಾಂಬರು ಮುಗಿಯುವಲ್ಲಿಂದ ಶಾಲೆಯವರೆಗಿನ ಎರಡು ಮೈಲಿಯನ್ನು, ಆ ಬಿಸಿಲಿನಲ್ಲಿ, ಆ ಕಾಲೆಳೆಯುತ್ತ, ಕಲ್ಲುಕಲ್ಲಿಗೂ ಕೋಲು ಹಿಡಿದು ಅವರು ಅಳೆದರು. ನಾನು ಛತ್ರಿ ಹಿಡಿದೆ. ಅವರು ಛತ್ರಿಯಾಚೆಯೇ ನಡೆದರು. ಹಳ್ಳವೊಂದರ ಬಳಿ ಎರಡು ಬಂಡೆಗಳು ಗೆರೆಯನ್ನು ಮೀರಿದ್ದವು. ಹಿಂದಿರುಗಿ ಬಂದು ವೈದ್ಯೆಯ ಮುಂದೆ ನಿಂತರು.

‘ಆ ಅಂಗಡಿ ಕಾರೇ ತಗೊಳ್ಳಿ ಡಾಕ್ಟ್ರಮ್ಮ. ನಿಮ್ಮ ಯಂತ್ರಕ್ಕೆ ಬೇಕಾದ್ದು ಮೆತ್ತಗೆ ಹೋಗೋ ಗಾಡಿ, ಅದು ಮೆತ್ತಗೆ ಹೋಗ್ತತಿ. ಏರೂ ಮುಂದಿನೆರಡು ಚಕ್ರಕ್ಕೇ ಹತ್ತುವಷ್ಟು ಐತಿ. ಎರಡು ಕಲ್ಲು ಅಡ್ಡ ಬರ್ತಾವೆ, ಅವನ್ನ ಊರೋರು ಕಿತ್ತುಹಾಕಿದ್ರೆ ಸಾಕು. ಹಳ್ಳದಾಗ ನೀರು ಬಂದ ದಿನ ಮಾತ್ರ ಇಳಿಸಬ್ಯಾಡ್ರಿ.’

‘ಅದು ಎಸ್‌ಯುವಿ ಅಲ್ಲ ಅಂತ ನೀವೇ ಹೇಳಿದ್ರಲ್ಲ ಸಾರ್? ಆ ಮಾತಿಗೇ ನಿಮ್ಮ ವೇಲೆ ಹೋಯ್ತು, ಕೆಲಸಾನೇ ಹೋಯ್ತು ಅಂತ ಕೇಳಿದೆ.’

‘ಅಲ್ಲ ಅಂದೆ. ಕೆಟ್ಟದ್ದು ಅಂದ್ನೇನು?’

ಊರಿನವರು ಹಾರೆ ಹಿಡಿದು ಬಂಡೆಗಳನ್ನು ಕಿತ್ತರು. ವೈದ್ಯೆ ಅದೇ ಮಳಿಗೆಗೆ ಹೋಗಿ, ಕಾರನ್ನು ಗಂಗಾಧರಪ್ಪನವರೇ ಒಪ್ಪಿಸಬೇಕೆಂಬ ಷರತ್ತು ಹಾಕಿ, ಅದನ್ನೇ ಕೊಂಡರು. ಆ ದಿನ ಸತ್ಯಾತ್ಮ ತಾನೇ ಕುರ್ಚಿ ಎಳೆದು ಇವರನ್ನು ಕೂರಿಸಿದ. ‘ಫಲಕ ಬದಲಾಯಿಸೋದು ನನ್ನ ಕೈಲಿಲ್ಲ ಸಾರ್’ ಎಂದು ಅವನು ಮೆಲ್ಲಗೆ ಹೇಳಿದಾಗ, ಇವರು ಅವನ ಕೈಯನ್ನು ತಟ್ಟಿ, ‘ಗೊತ್ತೈತಿ ಬಿಡಪ್ಪ’ ಎಂದರು. ಕೆಲಸ ಮರಳಿ ಬರಲಿಲ್ಲ; ಇವರು ಕೇಳಲೂ ಇಲ್ಲ. ಮುಂದಿನ ಶಿಬಿರಕ್ಕೆ ಹೋದಾಗ ಯಂತ್ರ ಹತ್ತೇ ನಿಮಿಷದಲ್ಲಿ ಸಿದ್ಧವಾಯಿತೆಂದೂ, ಆ ಮುದುಕರ ಸರದಿ ಮಧ್ಯಾಹ್ನದೊಳಗೇ ಬಂದಿತೆಂದೂ ವೈದ್ಯೆ ಫೋನು ಮಾಡಿ ತಿಳಿಸಿದರು. ಇವರು ಫೋನಿಟ್ಟು, ಕೋಟಿನ ಗುಂಡಿಯನ್ನೊಮ್ಮೆ ಮುಟ್ಟಿಕೊಂಡು ಒಳಗೆ ಹೋದರು.

ಹೆಸರುಗಳ ವಿಷಯದಲ್ಲಿ ಇಷ್ಟು ಕಠಿಣರಾದ ಜನ ಪ್ರತಿಯೊಂದು ಊರಿನಲ್ಲೂ ಒಬ್ಬಿಬ್ಬರಿರುತ್ತಾರೆ. ಅವರ ಜೊತೆ ಬಾಳುವುದು ಸುಲಭವಲ್ಲ. ಸಭೆಯ ನಡುವೆ ಅವರು ನಮ್ಮ ಮಾತನ್ನು ತಿದ್ದುತ್ತಾರೆ, ಎಲ್ಲರೂ ನಗುತ್ತಿರುವಾಗ ತಾವೊಬ್ಬರೇ ನಗದೆ ಕೂರುತ್ತಾರೆ. ಅವರಿಗೆ ಲೋಕದ ಮೇಲೆ ಮುನಿಸೆಂದು ನಾವು ಭಾವಿಸುತ್ತೇವೆ. ಗಂಗಾಧರಪ್ಪನವರನ್ನು ಬಲ್ಲ ಮೇಲೆ ನನಗೆ ಹಾಗನ್ನಿಸುವುದಿಲ್ಲ. ಇಲ್ಲದ ದೊಡ್ಡತನವನ್ನು ಹೊರಿಸಿ ಹೊಗಳುವುದು ನಮಗೆ ಅಭ್ಯಾಸವಾಗಿದೆ, ಕಾರನ್ನೂ, ಮಕ್ಕಳನ್ನೂ, ನಮ್ಮನ್ನೂ. ಆಮೇಲೆ ಆ ದೊಡ್ಡತನ ಕಾಣದಿದ್ದಾಗ ಕೈಬಿಡುವುದೂ ಅಷ್ಟೇ ಅಭ್ಯಾಸವಾಗಿದೆ. ಈ ಜನ ಹಾಗೆ ಹೊಗಳಲಾರರು. ಇರುವುದನ್ನು ಇರುವಷ್ಟೇ ಕಂಡು, ಅಷ್ಟರಿಂದ ಯಾರಿಗೆ ಏನು ಉಪಕಾರವಾದೀತೆಂದು ಬಿಸಿಲಲ್ಲಿ ನಡೆದು ಹುಡುಕುತ್ತಾರೆ. ಪ್ರೀತಿಗೆ ಹೀಗೂ ಒಂದು ರೂಪವಿದೆಯೆಂದು ನನಗೆ ತಿಳಿದದ್ದು ತಡವಾಗಿ.