ಮಾಳುವಿನ ಮೂರು ಹುಟ್ಟಿದ ದಿನ

ರೋಹಿಣಿ ಮಳೆ ಕೂಡಿ ಎರಡು ದಿನವಾಗಿತ್ತು. ಅವತ್ತು ಮಂಗಳವಾರ, ಅಮಾವಾಸ್ಯೆ. ಬೆಳಗಿನ ಎಂಟು ಗಂಟೆಗೆ ನಾನು ಚಿಮ್ಮಡದಲ್ಲಿ ನಮ್ಮ ಅಕ್ಕ ಸೋಮವ್ವನ ಮನೆಯ ಕಟ್ಟೆಯ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದೆ. ಒಳಗೆ ಅವಳ ಮಗ ಮಾಳು ಮನೆದೇವರು ಬೀರಪ್ಪನ ಜಗುಲಿಯ ಮೇಲಿದ್ದ ಭಂಡಾರದ ಚೀಲ ಇಳಿಸಿದ. ಅರಿಶಿನಪುಡಿಯೊಳಗೆ ಕೈಯಾಡಿಸಿ ತನ್ನ ಡ್ರೈವಿಂಗ್ ಲೈಸೆನ್ಸ್ ಹೊರತೆಗೆದ.

ಲೈಸೆನ್ಸ್ ಅಲ್ಲಿಗೆ ಹೋದದ್ದು ಹೀಗೆ. ಹತ್ತೊಂಬತ್ತು ವರ್ಷದ ಹಿಂದೆ ಅದು ಕೈಗೆ ಬಂದಾಗ ಮಾಳು ದಸರೆಯ ಖಂಡೇಪೂಜೆಯ ದಿನ ಟ್ರ್ಯಾಕ್ಟರಿನ ಕೀಲಿ, ಬೋಲ್ಟ್ ಬಿಚ್ಚುವ ಪಾನಾಗಳ ಜೊತೆ ಅದನ್ನೂ ದೇವರ ಮುಂದಿಟ್ಟಿದ್ದ. ಪೂಜೆ ಮುಗಿದ ಮೇಲೆ ಕೀಲಿ ತೆಗೆದುಕೊಂಡ. ಕಾಗದ ಮಾತ್ರ ದೇವರ ಕಾವಲಿನಲ್ಲೇ ಇರಲಿ ಎಂದು ಅಕ್ಕ ಚೀಲದೊಳಗೆ ಹಾಕಿದಳು. ಹೊಲದಿಂದ ಹೊಲಕ್ಕೆ ಟ್ರ್ಯಾಕ್ಟರ್ ಓಡಿಸುವವನಿಗೆ ಲೈಸೆನ್ಸ್ ತೋರಿಸು ಎಂದು ಯಾರೂ ಕೇಳಲಿಲ್ಲ. ಪ್ರತಿ ವರ್ಷ ಅದರ ಮೇಲೆ ಒಂದು ಚಿಟಿಕೆ ಭಂಡಾರ ಬೀಳುತ್ತಿತ್ತು, ಅಷ್ಟೇ.

ಈಗ ಕೇಳುವವರು ಬಂದಿದ್ದರು. ಬನಹಟ್ಟಿಯ ಸೀರೆ ವ್ಯಾಪಾರಿ ಶಿವಯೋಗೆಪ್ಪನವರು ಹೊಸ ಪಿಕಪ್ ಗಾಡಿ ತಂದಿದ್ದರು. ಬರುವ ಸೋಮವಾರದಿಂದ ಸೀರೆ ಗಂಟುಗಳನ್ನು ಸೊಲ್ಲಾಪುರಕ್ಕೆ ಒಯ್ಯಲು ಡ್ರೈವರ್ ಬೇಕಾಗಿದ್ದ. ಟ್ರ್ಯಾಕ್ಟರಿನ ಕುಲುಕಾಟಕ್ಕೆ ಮಾಳುವಿನ ಸೊಂಟ ಹೋಗಿತ್ತು. ಇನ್ನೊಂದು ಮಳೆಗಾಲ ರಂಟೆ ಹೊಡೆದು ಹೊಲ ಉಳುವ ಶಕ್ತಿ ಅವನಲ್ಲಿ ಇರಲಿಲ್ಲ. ಈ ನೌಕರಿ ಸಿಕ್ಕರೆ ಸ್ಟೇರಿಂಗ್ ಕೈಯಲ್ಲಿ ಉಳಿಯುತ್ತದೆ, ಇಲ್ಲವಾದರೆ ಇಲ್ಲ.

ಫೋನಿನಲ್ಲಿ ಶಿವಯೋಗೆಪ್ಪನವರ ದನಿ ಕಟ್ಟೆಯವರೆಗೂ ಕೇಳುತ್ತಿತ್ತು.

“ಮಾಳೂ, ನಿನ್ನ ಕೈ ಛಲೋ ಐತಿ, ಅದರ ಬಗ್ಗೆ ಮಾತಿಲ್ಲ. ಲೈಸೆನ್ಸ್ ತಂದು ತೋರಸು. ಹಿಂದಿನ ಡ್ರೈವರಂದು ಮುಗದು ಒಂಬತ್ತ ದಿನ ಆಗಿತ್ತ ನೋಡು. ಗಾಡಿ ಹಳ್ಳಕ್ಕ ಬಿತ್ತು, ವಿಮಾದವರು ತಾರೀಕ ನೋಡಿ ಕೈ ಎತ್ತಿದರು. ಇನ್ನೊಮ್ಮೆ ಆ ತಪ್ಪ ನಾ ಮಾಡೂದಿಲ್ಲ. ಇನ್ನಿಬ್ಬರು ಬಾಗಿಲದಾಗ ನಿಂತಾರ.”

“ನಂದು ಐವತ್ತು ತುಂಬೂತನಕ ಐತ್ರಿ ಸಾವ್ಕಾರ್ರ. ನನಗಿನ್ನೂ ನಲವತ್ತೊಂಬತ್ತು” ಎಂದ ಮಾಳು.

ಫೋನು ಇಟ್ಟ ಕೂಡಲೇ ಒಲೆಯ ಮುಂದಿನಿಂದ ಅಕ್ಕ ಕೂಗಿದಳು. “ಯಾರಿಗೋ ನಲವತ್ತೊಂಬತ್ತು? ಹೋದ ಖಂಡೇಪೂಜಿಗೆ ಐವತ್ತು ತುಂಬ್ಯಾವ ನಿನಗ. ಹೆತ್ತಾಕಿ ನಾನೋ ನೀನೋ?”

“ಆಧಾರ್ ಕಾರ್ಡ್‌ನ್ಯಾಗ ಬರದೈತಿ ಬೇ. ಎಪ್ಪತ್ತಾರು, ಜನವರಿ ಒಂದು.”

“ಜನವರಿಯಾಗ ನಾನು ಹತ್ತಿ ಬಿಡಸಾಕ ಹೋಗಿದ್ದೆ. ಆವಾಗ ನಿನ್ನ ಎಲ್ಲಿಂದ ಹಡೀಲಿ?”

ಆಧಾರ್‌ನವರು ಊರ ಗುಡಿಯ ಮುಂದೆ ಕುಳಿತಾಗ ನಾನೂ ಅಲ್ಲಿದ್ದೆ. ವಯಸ್ಸೆಷ್ಟು ಎಂದು ಕೇಳಿದ್ದಕ್ಕೆ ಮಾಳು ಅಂದಾಜಿಗೆ ಮೂವತ್ತೈದು ಅಂದ. ಉಳಿದದ್ದನ್ನು ಯಂತ್ರವೇ ತುಂಬಿಕೊಂಡಿತು.

ನಾನು ಲೈಸೆನ್ಸ್ ಕೈಗೆ ತೆಗೆದುಕೊಂಡೆ. ಪ್ಲಾಸ್ಟಿಕ್ಕಿನ ಅಂಚು ಬಾಯಿ ಬಿಟ್ಟಿತ್ತು. ಒಳಗೆ ಭಂಡಾರ ಇಳಿದು, ದೀಪದ ಎಣ್ಣೆ ಜಿನುಗಿ, ಕಾಗದ ಹೋಳಿಗೆಯ ಹಾಗೆ ಹಳದಿಯಾಗಿತ್ತು. ಮೇಲಿನ ನಂಬರು ಕಾಣುತ್ತಿತ್ತು. ಕೆಳಗಿನ ತಾರೀಕುಗಳು ಅಳಿಸಿಹೋಗಿದ್ದವು. ಮಾಳುವಿನ ಫೋಟೊದಲ್ಲಿ ಮೀಸೆ ಮಾತ್ರ ಉಳಿದಿತ್ತು.

“ಕಂಪ್ಯೂಟರ್‌ನ್ಯಾಗ ನೋಡ್ಸೂಣು ನಡಿ” ಎಂದೆ. ಖರೆ ಹೇಳಬೇಕೆಂದರೆ ನನಗೂ ತಿಳಿಯುವ ಆಸೆಯಾಗಿತ್ತು. ಒಬ್ಬ ಮನುಷ್ಯನಿಗೆ ಐವತ್ತು ತುಂಬಿದೆಯೋ ಇಲ್ಲವೋ ಎಂಬುದನ್ನು ಯಾರು ಹೇಳುತ್ತಾರೆ?

ಬುಧವಾರ ಮಾಳುವಿನ ಮೋಟಾರ್‌ಸೈಕಲ್ಲಿನ ಹಿಂದೆ ಕುಳಿತು ಬನಹಟ್ಟಿಗೆ ಹೋದೆ. ಬಸ್‌ಸ್ಟ್ಯಾಂಡಿನ ಹತ್ತಿರ ವಂದನಾ ಎಂಬ ಹುಡುಗಿಯ ಕಂಪ್ಯೂಟರ್ ಅಂಗಡಿ. ಅವಳು ಲೈಸೆನ್ಸನ್ನು ಮೂಗಿನ ಹತ್ತಿರ ಹಿಡಿದಳು.

“ಇದೇನಣ್ಣಾ, ಪಲ್ಯಾದಾಗ ಹಾಕಿದ್ರೇನ?”

“ದೇವರ ಮುಂದ ಇತ್ತು ತಂಗಿ.”

“ಹಂಗಾರ ದೇವರ ಓದಿ ಮುಗಿಸ್ಯಾನ. ಹುಟ್ಟಿದ ತಾರೀಕ ಹೇಳ್ರಿ.”

ಮಾಳು ಆಧಾರ್‌ನ ತಾರೀಕು ಹೇಳಿದ. ಕಂಪ್ಯೂಟರು ಒಪ್ಪಲಿಲ್ಲ. ಅವ್ವನ ಮಾತು ನೆನಪಾಗಿ ಖಂಡೇಪೂಜೆ ಎಂದ. ವಂದನಾ ನಕ್ಕು, ಫೋನಿನಲ್ಲಿ ಎಪ್ಪತ್ನಾಲ್ಕರ ಖಂಡೇಪೂಜೆ ಯಾವತ್ತು ಬಂದಿತ್ತೆಂದು ಹುಡುಕಿ ಅದನ್ನೂ ಹಾಕಿದಳು. ಅದಕ್ಕೂ ಒಪ್ಪಲಿಲ್ಲ.

“ಎರಡ ಸಲ ಹುಟ್ಟಿದ್ರೂ ನಡೀಲಿಲ್ಲಲ್ಲಣ್ಣಾ” ಎಂದಳು.

ನಾನು ಗೋಡೆಗೆ ಒರಗಿ ಕುಳಿತಿದ್ದೆ. ಆಗ ಒಂದು ಬೆಳಗು ಕಣ್ಣ ಮುಂದೆ ಬಂತು. ಮಾಳುವಿನ ಅಪ್ಪ ಕುರಿ ಹಿಂಡಿನ ಜೊತೆ ಊರು ಬಿಟ್ಟು ಹೋಗಿದ್ದ. ಹುಡುಗನನ್ನು ಸಾಲೆಗೆ ಹಾಕುವ ಕೆಲಸ ನನ್ನ ಪಾಲಿಗೆ ಬಂದಿತ್ತು. ನಾನು ಓದಿದ್ದು ಎರಡನೇ ಇಯತ್ತೆ. ಮಾಸ್ತರರ ಮುಂದೆ ಕೈಕಟ್ಟಿ ನಿಂತಿದ್ದೆ. ಹುಡುಗನಿಗೆ ಆರು ತುಂಬಿದೆಯೋ ಎಂದು ನೋಡಲು ಅವರ ಹತ್ತಿರ ಒಂದೇ ಲೆಕ್ಕ: ಬಲಗೈಯನ್ನು ನೆತ್ತಿಯ ಮೇಲಿಂದ ದಾಟಿಸಿ ಎಡಗಿವಿ ಮುಟ್ಟಬೇಕು. ಮುಟ್ಟಿದವರಿಗೆ ಆರು. ಆರು ಎಂದರೆ ಹುಟ್ಟಿದ್ದು ಜೂನ್ ಒಂದನೇ ತಾರೀಕು, ಆರು ವರ್ಷ ಹಿಂದೆ. ಲೈಸೆನ್ಸ್ ಮಾಡಿಸುವಾಗ ಮಾಳು ಕೊಟ್ಟದ್ದೂ ಸಾಲೆಯ ದಾಖಲೆಯನ್ನೇ.

“ಜೂನ್ ಒಂದು ಹಾಕವ್ವಾ. ಎಪ್ಪತ್ನಾಲ್ಕು” ಎಂದೆ.

ಅವಳು ಹಾಕಿದಳು. ಪರದೆಯ ಮೇಲೆ ಮಾಳುವಿನ ಹೆಸರು ಬಂತು. ಅದರ ಕೆಳಗೆ ಕೆಂಪು ಅಕ್ಷರ ಬಂದವು. ವಂದನಾ ಈಗ ನಗುತ್ತಿರಲಿಲ್ಲ.

“ಅಣ್ಣಾ, ಇದು ಹೋದ ವರ್ಷ ಮೇ ಮೂವತ್ತೊಂದಕ್ಕ ಮುಗದೈತಿ.”

ಮಾಳು ಪರದೆಯ ಹತ್ತಿರ ಬಗ್ಗಿದ.

“ಹೆದರಬ್ಯಾಡ್ರಿ. ಮುಗಿದ ಮ್ಯಾಲೆ ಒಂದ ವರ್ಷದೊಳಗ ಅರ್ಜಿ ಹಾಕಿದ್ರ ರಿನ್ಯೂವಲ್ ಆಕ್ಕೈತಿ. ವರ್ಷ ದಾಟಿತಂದ್ರ ಮಾತ್ರ ಮತ್ತ ಹೊಸದಾಗಿ ಎಲ್ಎಲ್ ಅಂದ್ರ ಕಲಿಯೂ ಲೈಸೆನ್ಸ್, ಮತ್ತ ಗಾಡಿ ಓಡಿಸಿ ತೋರಸೂದು. ತಿಂಗಳಗಟ್ಟಲೆ ಹೋಗ್ತೈತಿ. ಇವತ್ತ ಮೇ ಇಪ್ಪತ್ತೆಂಟು.”

“ಅಂದ್ರ ಮೂರ ದಿನ.”

“ಮೂರ ದಿನ. ಮುಗಿಯೂಕಿಂತ ಒಂದ ವರ್ಷ ಮೊದಲ ಬಂದಿದ್ರೂ ನಡೀತಿತ್ತು, ನೀವು ಕಟ್ಟಕಡೀಗೆ ಬಂದೀರಿ. ನಲವತ್ತು ದಾಟಿದವರಿಗೆ ಡಾಕ್ಟರ್ ಸರ್ಟಿಫಿಕೇಟ್ ಬೇಕು. ಆಧಾರ್‌ನ್ಯಾಗ ತಾರೀಕ ಬ್ಯಾರೆ ಐತಿ, ಆಫೀಸಿನ್ಯಾಗ ಕೇಳೇ ಕೇಳ್ತಾರ. ಸಾಲಿ ದಾಖಲೆ ತಗೊಂಡ ಹೋಗ್ರಿ.”

ಮಾಳು ಎದ್ದು ಮೋಟಾರ್‌ಸೈಕಲ್ಲಿನ ಹತ್ತಿರ ಹೋದ. ಕೀಲಿ ಹಾಕಿದ, ಮತ್ತೆ ತೆಗೆದ.

“ಮಾಮಾ, ಇದನ್ನೂ ಓಡಸಂಗಿಲ್ಲಲ್ಲೋ.”

“ಇಲ್ಲ.”

“ಒಂದ ವರ್ಷ ಹಂಗ ಓಡಿಸೇನಲ್ಲೋ!”

“ಗೊತ್ತಿರಲಿಲ್ಲ, ಓಡಿಸಿದಿ. ಈಗ ಗೊತ್ತಾತು.”

ಗಾಡಿಯನ್ನು ವಂದನಾಳ ಅಂಗಡಿಯ ಮುಂದೆಯೇ ಬಿಟ್ಟೆವು. ಕೀಲಿಯನ್ನು ಅವನು ನನ್ನ ಜೇಬಿಗೆ ಹಾಕಿದ. ನಾಲ್ಕು ಹೆಜ್ಜೆ ಮುಂದಿನ ದವಾಖಾನೆಗೆ ನಡೆದೇ ಹೋದೆವು. ಡಾಕ್ಟರು ಕಣ್ಣು ನೋಡಿದರು, ಕಿವಿ ನೋಡಿದರು, ಬಣ್ಣ ತೋರಿಸಿ ಕೇಳಿದರು. ಕೊನೆಗೆ ಪೆನ್ನು ಹಿಡಿದು “ವಯಸ್ಸು?” ಎಂದರು.

ಮಾಳು ನನ್ನ ಕಡೆ ತಿರುಗಿದ. “ಯಾವದು ಹೇಳ್ಲಿ ಮಾಮಾ?”

“ಸಾಲೀದು ಹೇಳು.”

ಗುರುವಾರ ಸಾಲೆ ಶುರುವಾಗುವ ದಿನ. ಬಾಗಿಲಿಗೆ ಮಾವಿನ ತೋರಣ ಕಟ್ಟುತ್ತಿದ್ದರು. ಮುಖ್ಯ ಗುರುಗಳಾದ ಗಂಗಾಂಬಿಕಾ ಅಕ್ಕೋರು ಕಪಾಟಿನ ತಳದಿಂದ ಹಳೆಯ ದಾಖಲೆ ಪುಸ್ತಕ ತೆಗೆದು ಧೂಳು ಕೊಡವಿದರು. ಆ ವರ್ಷದ ಹಾಳೆ ಸಿಕ್ಕಿತು. ನನಗೆ ಅಕ್ಷರ ತಡವಾಗಿ ಹತ್ತುತ್ತವೆ, ಅಂಕಿ ಬೇಗ ಹತ್ತುತ್ತವೆ. ಬೆರಳಿಟ್ಟು ಮೇಲಿನಿಂದ ಕೆಳಗೆ ಬಂದೆ. ಒಂದು, ಆರು, ಎಪ್ಪತ್ನಾಲ್ಕು. ಅದರ ಕೆಳಗೆ ಮತ್ತೆ ಅದೇ, ಅದರ ಕೆಳಗೂ ಅದೇ. ಹತ್ತೊಂಬತ್ತು ಮಕ್ಕಳಲ್ಲಿ ಹದಿನೇಳು ಮಂದಿ ಒಂದೇ ದಿನ ಹುಟ್ಟಿದ್ದರು.

“ಒಂದ ದಿನ ಹದಿನೇಳು ಹೆರಿಗಿ! ಊರಾಗ ಇದ್ದಾಕಿ ಒಬ್ಬಾಕಿ ಸೂಲಗಿತ್ತಿ, ಅನ್ನವ್ವ. ಹೆಂಗ ಸಂಭಾಳಿಸಿದಳೋ ಏನೋ” ಎಂದೆ.

ಅಕ್ಕೋರು ನಗುತ್ತ “ಉಳದಿಬ್ಬರು ಏನ ಪುಣ್ಯಾ ಮಾಡಿದ್ರಜ್ಜಾ, ಬ್ಯಾರೆ ದಿನ ಹುಟ್ಟಾಕ?” ಎಂದರು. ನೋಡಿದರೆ ಒಬ್ಬ ಪೋಸ್ಟಿನವರ ಮಗ. ಅವನ ಅಪ್ಪ ತಾರೀಕು ಬರೆದಿಟ್ಟಿದ್ದ. ಇನ್ನೊಂದು ಸಾಲು ಖಾಲಿ.

ಮಾಳುವಿನ ಹೆಸರಿನ ಮುಂದೆ ನನ್ನ ಹೆಬ್ಬೆಟ್ಟಿನ ಗುರುತಿತ್ತು. ಸಹಿ ಬರುತ್ತಿದ್ದರೂ ಅವತ್ತು ಯಾಕೆ ಹೆಬ್ಬೆಟ್ಟು ಒತ್ತಿದೆ ಎಂಬುದು ನನಗೆ ಗೊತ್ತು.

ಶುಕ್ರವಾರ ಬೆಳಗಿನ ಬಸ್ಸಿಗೆ ಜಮಖಂಡಿಯ ಆರ್‌ಟಿಒ ಆಫೀಸಿಗೆ ಹೊರಟೆವು. ಡ್ರೈವರನ ಹಿಂದಿನ ಸೀಟಿನಲ್ಲಿ ಕುಳಿತ ಮಾಳು ದಾರಿಯುದ್ದಕ್ಕೂ ಬಲಗಾಲಿನಿಂದ ಬಸ್ಸಿನ ತಳ ಒತ್ತುತ್ತಿದ್ದ. ತಿರುವು ಬಂದರೆ ಅವನ ಕೈ ತಾನೇ ಮೇಲೇಳುತ್ತಿತ್ತು.

“ಒಂದ ಮಾತ ಹೇಳಬೇಕಪಾ ಮಾಳೂ” ಎಂದೆ. “ಅವತ್ತ ಸಾಲ್ಯಾಗ ನಿನ್ನ ಕೈ ಕಿವಿಗೆ ಮುಟ್ಟಲಿಲ್ಲ. ಎರಡ ಬೆರಳ ಕಡಿಮಿ ಬಿತ್ತು. ಮಾಸ್ತರರು ಮಸಿ ದೌತಿ ಕಡೆ ತಿರುಗಿದಾಗ ನಾನ ನಿನ್ನ ತಲಿ ಓರೆ ಮಾಡಿದೆ.”

ಅವನು ಬ್ರೇಕು ಒತ್ತುವುದನ್ನು ನಿಲ್ಲಿಸಿದ. “ಯಾಕೋ ಮಾಮಾ?”

“ಇಲ್ಲಾಂದ್ರ ಮುಂದಿನ ವರ್ಷ ಬಾ ಅಂತಿದ್ರು. ಮುಂದಿನ ವರ್ಷ ನಿಮ್ಮಪ್ಪ ನಿನ್ನ ಕೈಯಾಗ ಕುರಿ ಕೋಲು ಕೊಡ್ತಿದ್ದ. ಆ ಭಯಕ್ಕ ಹಂಗ ಮಾಡಿದೆ. ಆ ಸುಳ್ಳಿಗೆ ಸಹಿ ಹಾಕಾಕ ಮನಸ್ಸ ಬರಲಿಲ್ಲ, ಹೆಬ್ಬೆಟ್ಟ ಒತ್ತಿದೆ.”

ಮಾಳು ಬೆರಳು ಮಡಿಚಿ ಲೆಕ್ಕ ಹಾಕಿದ. “ನೀ ತಲಿ ಓರೆ ಮಾಡದಿದ್ರ ನಂದು ಈ ವರ್ಷ ಮುಗೀತಿತ್ತು. ಮಾಡಿದ್ದಕ್ಕ ಹೋದ ವರ್ಷ ಮುಗದೈತಿ” ಎಂದ. ಆಮೇಲೆ ನಕ್ಕ. “ಮಾಡದಿದ್ರ ಲೈಸೆನ್ಸೂ ಇರ್ತಿರಲಿಲ್ಲ ಬಿಡು.”

ಆಫೀಸಿನಲ್ಲಿ ಸಾಲು ಉದ್ದವಿತ್ತು. ನಮ್ಮ ಸರದಿ ಬಂದಾಗ ಮೇಜಿನ ಹಿಂದಿನ ಅಧಿಕಾರಿ ಕಾಗದಗಳನ್ನು ಒಂದರ ಪಕ್ಕ ಒಂದು ಇಟ್ಟರು.

“ಇಲ್ಲಿ ಒಂದ ತಾರೀಕ, ಅಲ್ಲಿ ಒಂದ ತಾರೀಕ. ಖರೇ ಹುಟ್ಟಿದ್ದು ಯಾವಾಗ?”

ನಾನು ಮುಂದೆ ಬಂದೆ.

“ಎರಡೂ ಅಲ್ರಿ ಸಾಹೇಬ್ರ. ಖಂಡೇಪೂಜಿ ದಿನ, ದನಾ ಮನೀಗೆ ಬರೂ ಹೊತ್ತಿಗೆ. ಸೂಲಗಿತ್ತೀನ್ನ ಕರಿಯಾಕ ಓಡಿದಂವ ನಾನ.”

ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ಪರದೆ ನೋಡಿದರು, ಸಾಲೆಯ ದಾಖಲೆ ನೋಡಿದರು. ಅಷ್ಟೆಲ್ಲ ಹೇಳಬಾರದಿತ್ತೇನೋ ಅನಿಸಿತು.

“ದನಾ ಬರೂ ಹೊತ್ತನ್ನ ಇದರಾಗ ಹಾಕಾಕ ಬರೂದಿಲ್ಲಜ್ಜಾ” ಎಂದರು. “ನಮ್ಮ ಹಳೇ ದಾಖಲೆನೂ ಸಾಲಿ ದಾಖಲೆನೂ ಒಂದ ಐತಿ. ಇದು ನಡೀತೈತಿ. ಆಧಾರ್‌ದಾಗಿಂದು ತಿದ್ದಿಸ್ಕೋರಿ, ಇಲ್ಲಾಂದ್ರ ಮುಂದಿನ ಸಲಾನೂ ಇದ ಗದ್ದಲ. ನಡೀರಿ, ಫೋಟೊ ತಗಿಸ್ರಿ. ಇನ್ನ ಅರವತ್ತರ ತನಕ ಚಿಂತಿಲ್ಲ.”

ಮಾಳು ಎರಡು ಹೆಜ್ಜೆ ಹೋಗಿ ತಿರುಗಿ ನಿಂತ. “ಯಾವ ಅರವತ್ರಿ ಸಾಹೇಬ್ರ?”

ಸಾಲಿನಲ್ಲಿ ನಿಂತವರೆಲ್ಲ ನಕ್ಕರು. ಮಾಳು ನಗಲಿಲ್ಲ. ಅವರು ಒಂದು ಚೀಟಿಯಲ್ಲಿ ತಾರೀಕು ಬರೆದುಕೊಟ್ಟ ಮೇಲೆಯೇ ಅಲ್ಲಿಂದ ಕದಲಿದ.

ಸಂಜೆ ಫೋನಿಗೆ ಹೊಸ ಲೈಸೆನ್ಸಿನ ನಕಲು ಬಂತು. ಶಿವಯೋಗೆಪ್ಪನವರಿಗೆ ತೋರಿಸಿದಾಗ ಅವರು ಮುಖ ನೋಡಲಿಲ್ಲ, ತಾರೀಕು ನೋಡಿದರು. “ಸೋಮವಾರ ಆರಕ್ಕ ಬಾ” ಎಂದರು. ಮುಂದೆ ಕಾರ್ಡು ಪೋಸ್ಟಿನಲ್ಲಿ ಬಂದ ಕೂಡಲೇ ಅದನ್ನು ಭಂಡಾರದ ಚೀಲಕ್ಕೆ ಹಾಕಬೇಕೆಂದು ಅಕ್ಕ ಈಗಲೇ ಹಟ ಹಿಡಿದಳು.

“ದೇವರಿಗೆ ಝೆರಾಕ್ಸ್ ಇಡೂಣು ಬೇ” ಎಂದ ಮಾಳು.

“ಬೀರಪ್ಪಗ ನಕಲಿ ಕಾಗದ ಕೊಡ್ತೀ ಏನಲೇ?”

“ಅಂವ ಗಾಡಿ ಓಡಸೂದಿಲ್ಲಲ್ಲ.”

ಕೊನೆಗೆ ಇಬ್ಬರೂ ಒಂದು ಮಾತಿಗೆ ಬಂದರು. ಜಗುಲಿಯ ಮೇಲಿನ ಗೋಡೆಗೆ ಮಾಳು ಇದ್ದಿಲಿನಿಂದ ಮುಗಿಯುವ ತಾರೀಕನ್ನು ದೊಡ್ಡದಾಗಿ ಬರೆದ. ಅಕ್ಕ ಅದಕ್ಕೆ ಭಂಡಾರ ಹಚ್ಚಿದಳು, ಅಂಕಿಗೆ ತಾಗದಂತೆ ಸುತ್ತಲೂ.

ನನಗೆ ಆ ಹಾಳೆ ಕಣ್ಣಿನಿಂದ ಹೋಗಿರಲಿಲ್ಲ. ಹದಿನೇಳು ಹೆಸರು. ಅವರಲ್ಲಿ ಮಾಳುವಿನ ಜೊತೆಗೇ ಲೈಸೆನ್ಸ್ ಮಾಡಿಸಿದವನು ಈಶ್ವರ. ಅದೇ ಶುಕ್ರವಾರ ದೀಪ ಹಚ್ಚುವ ಹೊತ್ತಿಗೆ ಅವನ ಮನೆಗೆ ಹೋದೆ.

“ನಿಂದೊಮ್ಮೆ ತಗದು ನೋಡೋ” ಎಂದೆ.

“ನಂದು ಗಟ್ಟಿ ಐತಿ ಕಾಕಾ. ಪಾಕೀಟಿನ್ಯಾಗ ಇಟ್ಟೇನಿ, ಅರಿಶಿನ ಗಿರಿಶಿನ ಏನೂ ಇಲ್ಲ” ಎಂದು ನಗುತ್ತ ತೆಗೆದ. ಅಕ್ಷರಗಳು ಸ್ಪಷ್ಟವಾಗಿದ್ದವು. ಹತ್ತೊಂಬತ್ತು ವರ್ಷ ಜೇಬಿನಲ್ಲೇ ಇದ್ದುದನ್ನು ಅವನು ಒಮ್ಮೆಯೂ ಓದಿರಲಿಲ್ಲ. ಈಗ ಓದಿದ: ಹೋದ ವರ್ಷದ ಮೇ ಮೂವತ್ತೊಂದು. ಓದುತ್ತಲೇ ಚಪ್ಪಲಿ ಹುಡುಕತೊಡಗಿದ, ದವಾಖಾನೆ ಎಷ್ಟು ಗಂಟೆಯ ತನಕ ತೆರೆದಿರುತ್ತದೆ ಎಂದು ಕೇಳಿದ.

ಶನಿವಾರ, ಗಡುವಿನ ಕಡೆಯ ದಿನ, ಮೊದಲನೇ ಬಸ್ಸಿಗೆ ಈಶ್ವರ ಜಮಖಂಡಿಗೆ ಹೋಗಿ ಅರ್ಜಿ ಹಾಕಿ ಬಂದ. ಸೋಮವಾರ ಬೆಳಗ್ಗೆ ಮಾಳುವಿನ ಜೊತೆ ನಾನೂ ಬನಹಟ್ಟಿಗೆ ಹೋದೆ. ಆರು ಗಂಟೆಗೆ ಅವನು ನನ್ನಿಂದ ವಂದನಾಳ ಅಂಗಡಿಯ ಮುಂದಿದ್ದ ಮೋಟಾರ್‌ಸೈಕಲ್ಲಿನ ಕೀಲಿ ಇಸಿದುಕೊಂಡು, ಸೀರೆ ಗಂಟು ಹೇರಿದ ಪಿಕಪ್ ಹತ್ತಿ, ಬನಹಟ್ಟಿಯಿಂದ ಸೊಲ್ಲಾಪುರಕ್ಕೆ ಹೊರಟ.