ಎಡಚಿ ನೆಟ್ಟ ಸಾಲು

ಹಸಿರು, ಇಲ್ಲೆಲ್ಲಿಂದ ಬಂತು ಹಸಿರು, ಕಣ್ಣಿಗೆ ಮಂಪರು ಕವಿದಿರಬೇಕು, ಪೈನ್ ತೋಪಿನಡಿ ಕಂದು ಬಿಟ್ಟರೆ ಬೇರೆ ಬಣ್ಣವೇ ಇಲ್ಲ, ಸೂಜಿಯಂಥ ಎಲೆ ಉದುರಿ ಉದುರಿ ನೆಲ ಹಾಸಿಗೆಯ ಹಾಗೆ ಮೆತ್ತಗಾಗಿದೆ, ಕಾಲಿಟ್ಟರೆ ಸದ್ದಿಲ್ಲ, ಹೀಗೇ ಸದ್ದಿಲ್ಲದೆ ನಡೆಯುತ್ತಿದ್ದರೆ ತಾನೂ ಇಲ್ಲಿ ಇಲ್ಲವೇನೋ ಅನ್ನಿಸುತ್ತದೆ ಅವಳಿಗೆ, ಆದರೆ ಕೈಯಲ್ಲಿ ಕೆಂಪು ಬಣ್ಣದ ಡಬ್ಬಿ ಜಗ್ಗುತ್ತಿದೆ, ಹಿಂದೆ ದಿಮ್ಮಿಯ ಮೇಲೆ ಕೂತ ಗರಗಸದವನು ಕಾಯುತ್ತಿದ್ದಾನೆ, ಅವಳು ಗೀಟೆಳೆದ ಮರ ಬೀಳುತ್ತದೆ, ಗೀಟಿಲ್ಲದ್ದು ಉಳಿಯುತ್ತದೆ, ಅಷ್ಟೇ ಕೆಲಸ. ತೋಪು ಒತ್ತಾಯಿತು, ಜೋಡಿಗೊಂದು ಹೋಗಲಿ, ಎರಡರಲ್ಲಿ ಡೊಂಕಾದದ್ದು ಹೋಗಲಿ ಅಂದಿದ್ದಾನೆ ಮೇಸ್ತ್ರಿ. ಲೋಕವೆಲ್ಲ ನೆಟ್ಟಗಿರುವ ಮರಕ್ಕೇ ಮೊದಲ ಏಟು ಅನ್ನುತ್ತದೆ, ಇಲ್ಲಿ ಎಲ್ಲ ಉಲ್ಟಾ, ಈ ಕೊನೆಯ ಜೋಡಿ ಸಾಲಿನಲ್ಲಿ ಡೊಂಕಾಗಿರುವುದೆಲ್ಲ ಅಕ್ಕನದು, ಅಕ್ಕ ಹೋಗಿ ಇನ್ನೂ ವರ್ಷ ತುಂಬಿಲ್ಲ.

ಅಕ್ಕ ಎಡಚಿ. ನಡುವೆ ಹಗ್ಗ ಕಟ್ಟಿಕೊಂಡು ಆ ಬದಿ ಅಕ್ಕ ಈ ಬದಿ ಇವಳು ಸಸಿ ನೆಡುತ್ತ ಗುಡ್ಡ ಹತ್ತುತ್ತಿದ್ದರು, ಅಕ್ಕ ಎಡಗೈಯಲ್ಲಿ ಹಾರೆ ಊರಿ ಎಡ ಹಿಮ್ಮಡಿಯಲ್ಲಿ ಮಣ್ಣು ತುಳಿದರೆ ಸಸಿ ಒಂದಿಷ್ಟು ವಾಲಿಯೇ ನಿಲ್ಲುತ್ತಿತ್ತು, ಇವಳದೋ ನೂಲು ಹಿಡಿದಂತೆ ನೇರ — ಒಬ್ಬಳು ಸಿಪಾಯಿಗಳನ್ನ ನೆಡ್ತಾಳೆ, ಇನ್ನೊಬ್ಬಳು ಕುಡುಕರನ್ನ, ಅಂತ ಮೇಸ್ತ್ರಿ ಗೇಲಿ ಮಾಡಿದರೆ ಅಕ್ಕ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು, ಇವಳಿಗೆ ಒಳಗೊಳಗೇ ಹೆಮ್ಮೆ, ಸಿಪಾಯಿಗಳು ತನ್ನವರಲ್ಲವೇ. ಅಕ್ಕನ ಸೀರೆಗಳು ಅವರಿವರ ಮೈಮೇಲಿವೆ, ಅಕ್ಕ ಮಲಗುತ್ತಿದ್ದ ಕೋಣೆಗೆ ಬಾಡಿಗೆಯವರು ಬಂದಿದ್ದಾರೆ, ಉಳಿದಿರುವುದು ಈ ಕುಡುಕರ ಸಾಲೊಂದೇ, ಅದಕ್ಕೆ ತಾನೇ ಕೆಂಪು ಬಳಿಯಬೇಕು. ಅಳು ಬರುತ್ತಿದೆ, ಬರಲಿ, ಗರಗಸದವನಿಗೆ ಕಾಣುವುದು ಬೆನ್ನು ತಾನೇ.

ಮತ್ತೆ ಅದೇ ಹಸಿರು. ಅವಳು ಕುಕ್ಕರಗಾಲಿನಲ್ಲಿ ಕೂತಳು — ಜರಿಗಿಡ, ಒಂದೇ ಒಂದು, ಅಕ್ಕನ ಮರದ ಬುಡದಲ್ಲಿ, ಕೊಳೆತ ಕೊಂಬೆಯ ಮೇಲೆ, ತುದಿ ಇನ್ನೂ ಸುರುಳಿ, ಹಸುಗೂಸಿನ ಮುಷ್ಟಿಯ ಹಾಗೆ. ಇದನ್ನು ಯಾರು ನೆಟ್ಟರು, ಯಾರೂ ನೆಡುವುದಿಲ್ಲ, ಊಟದ ಹೊತ್ತಿಗೆ ಕೆಳಗೆ ತೊರೆಯ ಹತ್ತಿರ ಅಕ್ಕ ಜರಿಯ ಎಲೆ ಕಿತ್ತು ಅದರ ಬೆನ್ನನ್ನು ಇವಳ ಕೆನ್ನೆಗೆ ಒತ್ತುತ್ತಿದ್ದಳು, ಕಂದು ಪುಡಿ ಅಂಟುತ್ತಿತ್ತು, ಇದೇ ಕಣೇ ಇದರ ಬೀಜ, ಗಾಳಿ ಒಯ್ದಲ್ಲಿಗೆ ಹೋಗತ್ತೆ, ಇದಕ್ಕೆ ನಿನ್ನ ಹಗ್ಗ ಬೇಡ. ಇಷ್ಟು ವರ್ಷ ಆ ಪುಡಿ ತೊರೆಯಿಂದ ಹಾರಿ ಬಂದು ಈ ಕತ್ತಲಲ್ಲಿ, ಈ ಒಣ ಸೂಜಿಗಳ ಮೇಲೆ ಬಿದ್ದು ಹಾಳಾಗಿದೆ, ಮೇಲಿನ ಇಳಿಜಾರಿನಲ್ಲಿ ಮರ ತೆಗೆದಮೇಲೆ ಬೊಡ್ಡೆಗಳು ಕೊಳೆತು ನೀರು ಕುಡಿದವು, ಅಲ್ಲಿ ಬೆಳಕು ಬಿತ್ತು, ಜರಿ ಬಂತು, ಸರಿ, ಆದರೆ ಇಲ್ಲಿ ಯಾರೂ ಇನ್ನೂ ಒಂದು ಮರವನ್ನೂ ಕಡಿದಿಲ್ಲವಲ್ಲ, ಬೆಳಕು ಎಲ್ಲಿಂದ — ತಲೆಯೆತ್ತಿ ನೋಡುತ್ತಾಳೆ, ಅಕ್ಕನ ಮರ ಆಚೆಗೆ ವಾಲಿದೆ, ತನ್ನದು ಈಚೆಗೆ ಸೆಟೆದು ನಿಂತಿದೆ, ನಡುವೆ ಬಾಗಿಲು ಓರೆ ಮಾಡಿಟ್ಟಷ್ಟು ಆಕಾಶ. ವಾಲಿದ್ದಕ್ಕೇ ಬೆಳಕು ಇಳಿದಿದೆ. ಇಳಿದ ಬೆಳಕು ಸುರುಳಿಯನ್ನು ಮುಟ್ಟಿ, ಒಂದು ಗಳಿಗೆ ನಿಂತು, ಹೋಗುತ್ತದೆ, ಅದನ್ನು ನುಂಗುತ್ತಿರುವ ನೆರಳು ಯಾರದು, ಸಿಪಾಯಿಯದು, ತನ್ನದು.

ಬ್ರಷ್ಷು ತಾನಾಗಿಯೇ ಡಬ್ಬಿಗಿಳಿಯಿತು, ಗೀಟು ಬಿತ್ತು. ಗರಗಸದವನು ಎದ್ದು ಬಂದು ತಲೆ ಕೆರೆದುಕೊಂಡ, ಇದು ನೆಟ್ಟಗಿರೋದಲ್ವೇನಮ್ಮಾ, ಆಮೇಲೆ ಮೇಸ್ತ್ರಿ ನನ್ನನ್ನ ಹಿಡ್ಕೋತಾನೆ. ಅವನಿಗೆ ನಾನು ಹೇಳ್ತೀನಿ, ಇದು ನಾನು ನೆಟ್ಟಿದ್ದು, ಕಡಿ. ಇದೊಂದೇನಾ, ಅಂದ ಅವನು. ಈ ಸಾಲಲ್ಲಿ ನನ್ನವೆಲ್ಲ. ಮೇಸ್ತ್ರಿ ಬೈಯಲಿ, ನಾಳೆಯಿಂದ ಬರಬೇಡ ಅಂದರೂ ಅನ್ನಲಿ, ಡಬ್ಬಿ ಹಿಡಿಯಲು ಅವನಿಗೆ ಇನ್ನೊಬ್ಬಳು ಸಿಗುತ್ತಾಳೆ, ಗರಗಸ ಗುರ್ರೆನ್ನುತ್ತಿದೆ, ಅಂಟಿನ ಘಾಟು ಮೂಗಿಗೆ, ನೇರ ನಿಂತದ್ದು ನೇರವಾಗಿಯೇ ಮಲಗಿತು, ನೆಲ ಒಮ್ಮೆ ನಡುಗಿತು, ಪುಡಿಯೋ ದೂಳೋ ಮೇಲೆದ್ದು ತೇಲುತ್ತಿದೆ, ತೇಲಿ ಇಳಿಯುತ್ತಿದೆ, ಅವಳ ಕೆನ್ನೆಯ ಮೇಲೂ, ಇನ್ನು ಮುಂದಿನ ಜೋಡಿಗೆ ಹೋಗಬೇಕು, ಹೋಗಬೇಕು, ಹೋಗುವುದಕ್ಕೆ ಆಗುತ್ತಿಲ್ಲ — ಆ ಸುರುಳಿಯ ಮೇಲೆ ಬಿಸಿಲು, ಸುರುಳಿಯ ಮೇಲೆ ಬಿಸಿಲು ಹಾಗೇ ನಿಂತಿದೆ.